ಲಗಾಮು ಹಿಡಿದವರ ಪೂರ್ವಾಶ್ರಮ

ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದೇ ಮುಂದೆ ಸಾಗುತ್ತದೆ. ಹಿಂದೂ–ಮುಸ್ಲಿಂ ಸೌಹಾರ್ದದ ಮಾತು ಬಂದಾಗಲೆಲ್ಲ ಈ ಸಂಗತಿ ನೆನಪಾಗುತ್ತದೆ. ಆದರೆ ಆ ದರ್ಗಾದ ಸಂತರ ಪೂರ್ವಾಶ್ರಮದ ಸುದ್ದಿ ಅಷ್ಟಾಗಿ ಬರುವುದಿಲ್ಲ. ಮಸ್ತಾನರು ಹೈದರಾಲಿಯ ಕಾಲದಲ್ಲಿ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದವರು ಎನ್ನುತ್ತದೆ ಐತಿಹ್ಯ.

ಪೇಟೆಗೂ ಕುದುರೆಗೂ ಇರುವ ನಂಟು ಅಲ್ಲಿಗೇ ಮುಗಿಯಲಿಲ್ಲ. ರೈಲು ನಿಲ್ದಾಣ ಕೂಗಳತೆಯಲ್ಲಿ ಇದ್ದುದರಿಂದ ಕಾಟನ್‌ಪೇಟೆ, ಅಕ್ಕಿಪೇಟೆ, ಉಪ್ಪಾರಪೇಟೆಯ ಬೀದಿಗಳಲ್ಲಿ ಜಟಕಾ ಗಾಡಿಗಳದ್ದೇ ಓಡಾಟ. ಜಟಕಾ ಇದ್ದ ಕಡೆ ಲಾಳ ಕಟ್ಟುವವರು, ಹುರುಳಿ–ಬೂಸಾ ಮಾರುವವರು, ಹಸಿಹುಲ್ಲಿನ ಹೊರೆ ಹೊತ್ತು ತರುವವರು ಎಲ್ಲರೂ ಇದ್ದರು. ಆಟೊ ಬಂತು, ಜಟಕಾ ಹೋಯಿತು. ಕುದುರೆ ಮದುವೆ ಮೆರವಣಿಗೆಗೆ ಮಾತ್ರ ಉಳಿಯಿತು.

ಈಗ ಕುದುರೆಯನ್ನು ಹುಡುಕಿಕೊಂಡು ನಗರದ ಅಂಚಿಗೆ ಹೋಗುವವರು ಬೇರೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ತಂದೆತಾಯಿಗಳು ಅವರು. ಹೋಗುವುದು ಚಿಕಿತ್ಸಕ ಕುದುರೆ ಸವಾರಿಗೆ. ಬೆಂಗಳೂರಿನಲ್ಲಿ ಈ ಕ್ಷೇತ್ರದ ಮಾತು ಬಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಪುಷ್ಪಾ ಬೋಪಯ್ಯ ಕಟ್ಟಿದ ‘ಹೀಲಿಂಗ್ ಹಾರ್ಸಸ್’ ಹೆಸರು ಕೇಳಿಬರುತ್ತದೆ. ಇಂಥ ಅಂಗಳಕ್ಕೆ ಮೊದಲ ಸಲ ಹೋದವರ ಕಣ್ಣು ಕುದುರೆಯ ಮೇಲೆ, ಅದರ ಮೇಲೆ ಕೂತ ಮಗುವಿನ ಮೇಲೆ ನೆಡುತ್ತದೆ. ಸಹಜವೇ. ಆದರೆ ಅಂಗಳದ ನಡುವೆ ನಿಂತು ಇಡೀ ಪಾಠವನ್ನು ನಡೆಸುವ ಬೋಧಕರನ್ನೂ, ಕುದುರೆಯ ತಲೆಯ ಬಳಿ ಹಗ್ಗ ಹಿಡಿದು ನಡೆಯುವವರನ್ನೂ ನೋಡಬೇಕು. ಅವರು ಎಲ್ಲಿಂದ ಬಂದವರು, ಬರುವ ದಾರಿಯಲ್ಲಿ ಏನನ್ನು ಬಿಟ್ಟು ಬಂದರು ಎನ್ನುವುದರಲ್ಲೇ ಈ ವಿದ್ಯೆಯ ಗುಟ್ಟಿದೆ.

ಮೊದಲು ಕುದುರೆ ಮಾಡುವ ಕೆಲಸವೇನು ಎಂಬುದನ್ನು ತಿಳಿಯಬೇಕು. ಮನುಷ್ಯ ನಡೆಯುವಾಗ ಅವನ ಸೊಂಟದ ಮೂಳೆ ಮೇಲೆ–ಕೆಳಗೆ ಆಡುತ್ತದೆ, ಅತ್ತಿತ್ತ ವಾಲುತ್ತದೆ, ತುಸು ತಿರುಗುತ್ತದೆ. ನಡಿಗೆಯ ಕುದುರೆಯ ಬೆನ್ನು ಸವಾರನ ಸೊಂಟಕ್ಕೆ ಹೆಚ್ಚುಕಡಿಮೆ ಇದೇ ಚಲನೆಯನ್ನು ಕೊಡುತ್ತದೆ, ನಿಮಿಷಕ್ಕೆ 90ರಿಂದ 110 ಸಲ. ಒಂದು ದಿನವೂ ತನ್ನ ಕಾಲ ಮೇಲೆ ನಡೆಯದ ಮಗುವಿನ ಸೊಂಟಕ್ಕೂ ಬೆನ್ನಿಗೂ ನಡಿಗೆಯ ಲಯ ಹೀಗೆ ಸಿಗುತ್ತದೆ. ಬೀಳದಂತೆ ಕೂರಲು ದೇಹ ತನ್ನಷ್ಟಕ್ಕೆ ಹೊಂದಿಸಿಕೊಳ್ಳಬೇಕು. ಆ ಹೊಂದಾಣಿಕೆಯೇ ವ್ಯಾಯಾಮ. ಮನುಷ್ಯರಿಗಿಂತ ಒಂದಿಷ್ಟು ಹೆಚ್ಚು, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುವ ಕುದುರೆಯ ಮೈಶಾಖ ಬಿಗಿದ ತೊಡೆಗಳಿಗೆ ತಾಗುತ್ತಿರುತ್ತದೆ. 2003ರಲ್ಲಿ ಅಮೆರಿಕದ ಸಂಶೋಧಕರು ಸೆರೆಬ್ರಲ್ ಪಾಲ್ಸಿ ಇದ್ದ 15 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದನ್ನು ಕುದುರೆಯ ಮೇಲೆ, ಇನ್ನೊಂದನ್ನು ನಿಶ್ಚಲವಾದ ಪೀಪಾಯಿಯ ಮೇಲೆ 8 ನಿಮಿಷ ಕೂರಿಸಿ ನೋಡಿದರು. ಎಡ–ಬಲ ಸ್ನಾಯುಗಳ ಕೆಲಸದಲ್ಲಿ ಸಮತೋಲ ಸುಧಾರಿಸಿದ್ದು ಕುದುರೆ ಏರಿದವರಲ್ಲಿ. ಕಾಲು ಅಗಲಿಸಿ ಕೂತರಷ್ಟೇ ಸಾಲದು, ಕೆಳಗಿನ ಬೆನ್ನು ನಡೆಯಬೇಕು.

ಈ ವಿದ್ಯೆಗೆ ಜಗತ್ತಿನಲ್ಲಿ ಬಲ ಬಂದದ್ದು ಒಬ್ಬ ಹೆಣ್ಣುಮಗಳಿಂದ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ, ಬಸುರಿಯಾಗಿದ್ದಾಗ ಪೋಲಿಯೊಗೆ ತುತ್ತಾದರು. ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಕುದುರೆ ಏರಲು, ಇಳಿಯಲು ಇನ್ನೊಬ್ಬರ ಕೈ ಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ‘ಜುಬಿಲಿ’ ಎಂಬ ಕುದುರೆಯ ಮೇಲೆ ಅವರು ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು, ಗಂಡಸರ ಜೊತೆ ಸ್ಪರ್ಧಿಸಿ. 1956ರಲ್ಲಿ ಮತ್ತೊಂದು ಬೆಳ್ಳಿ. ಆ ಪದಕಗಳ ಬೆನ್ನಿಗೇ ಯುರೋಪಿನಲ್ಲಿ ಕೇಂದ್ರಗಳು ಹುಟ್ಟಿಕೊಂಡವು. 1969ರಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರ ಸವಾರಿ ಸಂಸ್ಥೆಯಾದ ಆರ್‌ಡಿಎ, ಅದೇ ವರ್ಷ ಅಮೆರಿಕದಲ್ಲಿ ಇಂದು ಪಾಥ್ ಇಂಟರ್‌ನ್ಯಾಷನಲ್ ಎನಿಸಿಕೊಂಡಿರುವ ಸಂಸ್ಥೆ ಆರಂಭವಾದವು. ಬೋಧಕರಿಗೆ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಎಂಬ ಕ್ರಮ ಬಂದದ್ದು ಇಂಥ ಸಂಸ್ಥೆಗಳಿಂದ.

ಬೆಂಗಳೂರಿನಂಥ ಊರಿಗೆ ಬೋಧಕರು ಎಲ್ಲಿಂದ ಸಿಗಬೇಕು?

ಒಂದು ದಾರಿ ಸೇನೆಯದು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ನಡೆದ ದಾಳಿಯಲ್ಲಿ ಜೋಧಪುರದವರ ಜೊತೆ ಇತ್ತು. ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕ ಇದೆ. ಸಂಸ್ಥಾನಗಳು ವಿಲೀನವಾದ ಮೇಲೆ ಮೈಸೂರಿನ ಈ ಅಶ್ವಪಡೆಯೂ ಸೇರಿಕೊಂಡು 1953ರಲ್ಲಿ 61ನೇ ಕ್ಯಾವಲ್ರಿ ರೂಪುಗೊಂಡಿತು. ಪೊಲೀಸರಲ್ಲಿ ಮೈಸೂರಿನ ಅಶ್ವದಳ ಇಂದಿಗೂ ಇದೆ, ದಸರಾ ಮೆರವಣಿಗೆಯಲ್ಲಿ ಎಲ್ಲರೂ ನೋಡುವಂಥದ್ದು. ಇಂಥ ಕಡೆ ಸವಾರಿ ಕಲಿಸುವವನನ್ನು ‘ಉಸ್ತಾದ್’ ಎನ್ನುವುದು ವಾಡಿಕೆ. ಉಸ್ತಾದರ ಪಾಠ ಕಟ್ಟುನಿಟ್ಟು. ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಕಣ್ಣು ಮುಂದೆ. ಬಿದ್ದರೆ ಎದ್ದು ಮತ್ತೆ ಹತ್ತು. ದನಿ ಅಂಗಳದ ಆಚೆ ತುದಿಗೂ ಕೇಳಬೇಕು.

ಅಂಥವರು ಚಿಕಿತ್ಸಕ ಸವಾರಿಗೆ ಬಂದರೆ ಅವರಿಗೆ ಇರುವ ಲಾಭ ದೊಡ್ಡದು. ಕುದುರೆಯ ಕಿವಿ ಹಿಂದಕ್ಕೆ ಮಡಿಚಿದ ಕ್ಷಣಕ್ಕೇ ಮುಂದಿನದನ್ನು ಬಲ್ಲರು. ಆದರೆ ಅವರು ಮೊದಲು ಕೆಳಗಿಡಬೇಕಾದ್ದು ಆ ದನಿಯನ್ನು. ಆಟಿಸಂ ಇರುವ ಮಗುವಿಗೆ ಜೋರು ಮಾತು ಹೊಡೆತದಂತೆ ತಾಗಬಹುದು. ಹತ್ತು ಮಾತಿನ ಆಜ್ಞೆಯನ್ನು ಎರಡು ಮಾತಿಗೆ ಇಳಿಸಬೇಕು, ಹೇಳಿ ಸುಮ್ಮನಿರಬೇಕು, ಉತ್ತರಕ್ಕೆ ಕಾಯಬೇಕು. ಹಿಮ್ಮಡಿ ಕೆಳಗೆ ಎನ್ನುವಂತಿಲ್ಲ, ಏಕೆಂದರೆ ಸ್ನಾಯು ಬಿಗಿದ ಮಗುವಿನ ಹಿಮ್ಮಡಿ ಕೆಳಗೆ ಬರುವುದೇ ಇಲ್ಲ. ಬಿದ್ದು ಕಲಿ ಎಂಬ ಪಾಠ ಇಲ್ಲಿ ನಡೆಯುವುದಿಲ್ಲ. ಇಪ್ಪತ್ತು ವರ್ಷ ಕೂಗಿ ಕಲಿಸಿದವರು ಮೆಲುದನಿಗೆ ಬರುವುದು ಸಣ್ಣ ಸಾಧನೆಯಲ್ಲ. ಅದಕ್ಕೆ ಪದಕ ಇಲ್ಲ, ಇರಬೇಕಿತ್ತು.

ಇನ್ನೊಂದು ದಾರಿ ಹೈಗ್ರೌಂಡ್ಸ್‌ನ ಟರ್ಫ್ ಕ್ಲಬ್‌ನದು, ಕಾಟನ್‌ಪೇಟೆಯಿಂದ ಎರಡು–ಮೂರು ಕಿಲೋಮೀಟರ್ ದೂರ. ರೇಸಿನ ಲೋಕದಿಂದ ಬರುವವರು ವೇಗವನ್ನು ಬಿಟ್ಟು ಬರಬೇಕು. ನಾಗಾಲೋಟವನ್ನೇ ಕಸುಬು ಮಾಡಿಕೊಂಡವರಿಗೆ ಒಂದು ಕುದುರೆಯನ್ನು ಅರ್ಧ ಗಂಟೆ ಒಂದೇ ಹದದಲ್ಲಿ ನಡೆಸುವುದು ಕಷ್ಟದ ಕೆಲಸ. ರೇಸಿನಿಂದ ನಿವೃತ್ತವಾದ ಕುದುರೆಗಳಿಗೂ ಇದೇ ಪಾಠ. ಎಲ್ಲವೂ ಒಗ್ಗುವುದಿಲ್ಲ. ಛತ್ರಿ ಬಿಚ್ಚಿದರೆ ಬೆದರುವುದು, ಗಾಲಿಕುರ್ಚಿ ಕಂಡರೆ ಹಿಂಜರಿಯುವುದು ಈ ಕೆಲಸಕ್ಕೆ ಆಗದು. ಚೆಂಡು, ಬಣ್ಣದ ಬಳೆ, ಮಗುವಿನ ಹಠಾತ್ ಕಿರುಚಾಟ, ಎರಡೂ ಪಕ್ಕಕ್ಕೆ ಒತ್ತಿಕೊಂಡು ನಡೆಯುವ ಜನ, ಇವೆಲ್ಲಕ್ಕೂ ಕುದುರೆಯನ್ನು ವಾರಗಟ್ಟಲೆ ಒಗ್ಗಿಸಿದ ಮೇಲೆಯೇ ಮೊದಲ ಮಗು ಅದರ ಮೇಲೆ ಕೂರುವುದು.

ಮೂರನೆಯವರು ಕುದುರೆಯ ಗಂಧವೇ ಇಲ್ಲದೆ ಬರುವವರು: ಫಿಸಿಯೊಥೆರಪಿಸ್ಟರು, ಆಕ್ಯುಪೇಷನಲ್ ಥೆರಪಿಸ್ಟರು, ವಿಶೇಷ ಶಾಲೆಯ ಶಿಕ್ಷಕಿಯರು. ಮಗುವಿನ ಬೆನ್ನುಮೂಳೆ ಎಲ್ಲಿ ವಾಲಿದೆ, ಯಾವ ತೊಡೆ ಬಿಗಿದಿದೆ ಎಂದು ಅವರಿಗೆ ದೂರದಿಂದಲೇ ಕಾಣುತ್ತದೆ. ಆದರೆ ಕುದುರೆಯ ಹಿಂದೆ ಹೇಗೆ ದಾಟಬೇಕು, ಎಲ್ಲಿ ನಿಂತರೆ ಅದಕ್ಕೆ ಕಾಣುವುದಿಲ್ಲ ಎನ್ನುವುದನ್ನು ಅ ಆ ಇ ಈ ಇಂದ ಕಲಿಯಬೇಕು. ಕುದುರೆಗೆ ಸುತ್ತ ಸುಮಾರು 350 ಡಿಗ್ರಿಯಷ್ಟು ಕಾಣುತ್ತದೆ. ಮೂಗಿನ ಮುಂದೆ, ಬಾಲದ ಹಿಂದೆ ಮಾತ್ರ ಕುರುಡು. ಆಸ್ಪತ್ರೆಯ ಹಾಸಿಗೆ ಹೆದರುವುದಿಲ್ಲ, ಕುದುರೆ ಹೆದರುತ್ತದೆ. ಅಷ್ಟನ್ನು ಮೈಗೂಡಿಸಿಕೊಳ್ಳಲು ಅವರಿಗೆ ತಿಂಗಳುಗಳು ಬೇಕು.

ಹೆಸರಿನಲ್ಲೂ ಒಂದು ಎಚ್ಚರ ಬೇಕು. ಪರವಾನಗಿ ಪಡೆದ ಥೆರಪಿಸ್ಟ್ ತನ್ನ ಚಿಕಿತ್ಸೆಯ ಸಾಧನವಾಗಿ ಕುದುರೆಯ ನಡಿಗೆಯನ್ನು ಬಳಸಿದರೆ ಅದು ಹಿಪ್ಪೊಥೆರಪಿ. ಸವಾರಿ ಬೋಧಕರು ಮಗುವಿಗೆ ಅದರ ಶಕ್ತಿಗೆ ತಕ್ಕಂತೆ ಸವಾರಿಯನ್ನೇ ಕಲಿಸಿದರೆ ಅದು ಚಿಕಿತ್ಸಕ ಸವಾರಿ. ಎರಡನ್ನೂ ಕಲಸಿ ಎಲ್ಲವನ್ನೂ ಚಿಕಿತ್ಸೆ ಎಂದು ಕರೆಯುವುದು ತಂದೆತಾಯಿಗಳಿಗೆ ಮಾಡುವ ಅನ್ಯಾಯ. ಕುದುರೆ ಹತ್ತಿಸಿದರೆ ಆಟಿಸಂ ವಾಸಿಯಾಗುತ್ತದೆ ಎನ್ನುವವರನ್ನು ನಂಬಬಾರದು. ವಾಸಿಮಾಡುವ ಮಾತು ಇಲ್ಲಿ ಇಲ್ಲ. ಇರುವುದನ್ನು ಇರುವಷ್ಟೇ ಹೇಳಿದರೂ ಅದು ಕಡಿಮೆಯೇನಲ್ಲ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಟಿಸಂ ಇರುವ, 6ರಿಂದ 16 ವರ್ಷದ 127 ಮಕ್ಕಳಿದ್ದರು. ಅವರಲ್ಲಿ 10 ವಾರ ಸವಾರಿ ಕಲಿತವರ ಕಿರಿಕಿರಿ, ಅತಿ ಚಟುವಟಿಕೆ ತಗ್ಗಿತು, ಆಡುವ ಮಾತುಗಳ ಸಂಖ್ಯೆ ಹೆಚ್ಚಿತು. ಹೋಲಿಕೆಗೆ ಇಟ್ಟ ಗುಂಪು ಕುದುರೆಯ ಬಗ್ಗೆ ಕಲಿತಿತ್ತು, ಆದರೆ ಜೀವಂತ ಕುದುರೆಯ ಹತ್ತಿರ ಹೋಗಿರಲಿಲ್ಲ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಮಗು ನೆಲದಿಂದ ನೇರವಾಗಿ ಕುದುರೆ ಹತ್ತುವುದಿಲ್ಲ. ಗಾಲಿಕುರ್ಚಿ ಸಲೀಸಾಗಿ ಏರುವಂಥ ಇಳಿಜಾರು ಕಟ್ಟೆಯೊಂದಿದೆ. ಕುದುರೆಯನ್ನು ಅದಕ್ಕೆ ತಾಗಿಸಿ ನಿಲ್ಲಿಸುತ್ತಾರೆ. ಆಚೆ ಪಕ್ಕಕ್ಕೆ ಒಬ್ಬರು, ಈಚೆ ಪಕ್ಕಕ್ಕೆ ಒಬ್ಬರು, ಮುಂದೆ ಹಗ್ಗ ಹಿಡಿದವರು. ಬಿಗಿದ ಕಾಲನ್ನು ಬೆನ್ನಿನ ಮೇಲಿಂದ ದಾಟಿಸುವ ಆ ಅರ್ಧ ನಿಮಿಷ ಇಡೀ ಪಾಠದಲ್ಲೇ ಅಪಾಯದ ಗಳಿಗೆ. ಆಗ ಯಾರೂ ಮಾತಾಡುವುದಿಲ್ಲ, ಬೋಧಕರೊಬ್ಬರನ್ನು ಬಿಟ್ಟು. ತಲೆಗೆ ಹೆಲ್ಮೆಟ್, ಕಾಲು ಸಿಕ್ಕಿಕೊಳ್ಳದಂಥ ರಿಕಾಪು. ಕೆಲವು ಮಕ್ಕಳಿಗೆ ಜೀನಿನ ಬದಲು ಮೆತ್ತನೆಯ ಹಾಸು, ಕುದುರೆಯ ಶಾಖ ತಾಗಲಿ ಎಂದು.

ಎಲ್ಲ ಸಿದ್ಧವಾದರೂ ಕುದುರೆ ಹೊರಡುವುದಿಲ್ಲ. “ಪುಟ್ಟಾ, ನಡಿ ಅನ್ನು” ಎನ್ನುತ್ತಾರೆ ಬೋಧಕಿ. ಮಾತು ಬರದ ಮಗುವಾದರೆ ಕುದುರೆಯ ಕತ್ತು ತಟ್ಟಿದರೂ ಸಾಕು, ಮುಂದಕ್ಕೆ ಬಾಗಿದರೂ ಸಾಕು. ಏನಾದರೂ ಒಂದು ಮಗುವಿನ ಕಡೆಯಿಂದ ಬರಬೇಕು. ಅಮ್ಮ ಕಟಕಟೆಯ ಆಚೆಯಿಂದ “ಹೇಳೋ ಕಂದಾ” ಎಂದು ನೆರವಿಗೆ ಬಂದರೆ ಬೋಧಕಿ ನಸುನಕ್ಕು ಕೈಯಲ್ಲೇ ತಡೆಯುತ್ತಾರೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಮಗು ಹೇಳಿದ ಕೂಡಲೇ ನೂರಾರು ಕಿಲೋ ತೂಕದ ಪ್ರಾಣಿ ಆ ಮಾತಿಗೆ ಹೆಜ್ಜೆ ಎತ್ತಿಡುತ್ತದೆ. ದಿನವಿಡೀ ಇನ್ನೊಬ್ಬರು ಎತ್ತಿ, ಕೂರಿಸಿ, ತಿರುಗಿಸಿದಂತೆ ಬದುಕುವ ಮಗು ಅದು. ಅದರ ಮುಖ ನೋಡಬೇಕು.

ಹಗ್ಗ ಹಿಡಿದು ಮುಂದೆ ನಡೆಯುವವರ ಮಾತನ್ನು ಹೇಳದೆ ಈ ಪರಿಚಯ ಮುಗಿಯದು. ಲಾಯದ ಭಾಷೆಯಲ್ಲಿ ಇವರು ಸೈಸ್‌ಗಳು. ಬೋಧಕರ ಹೆಸರ ಮುಂದೆ ಪ್ರಮಾಣಪತ್ರದ ಅಕ್ಷರಗಳಿರುತ್ತವೆ, ಸೈಸ್ ಬಳಿ ಅಪ್ಪನಿಂದಲೋ ಚಿಕ್ಕಪ್ಪನಿಂದಲೋ ಬಂದ ಕೈಗುಣ ಮಾತ್ರ. ಬೆಳಗಿನ ಜಾವ ಎದ್ದು ಲಾಯ ಬಳಿದು, ಖರಾರ ಹಿಡಿದು ಮೈ ಉಜ್ಜಿ, ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ ನೋಡುವವರು ಇವರೇ. ಇಂದು ಈ ಕುದುರೆಗೆ ಮನಸ್ಸಿಲ್ಲ, ಮಕ್ಕಳನ್ನು ಹತ್ತಿಸಬೇಡಿ ಎಂಬ ಮಾತು ಮೊದಲು ಬರುವುದೂ ಇವರಿಂದಲೇ. ಅದನ್ನು ಕೇಳಿಸಿಕೊಳ್ಳುವ ಬೋಧಕರು ಒಳ್ಳೆಯ ಬೋಧಕರು. ಕನ್ನಡದಲ್ಲಿ ಅಶ್ವವೈದ್ಯದ ಮೇಲೆ ಗ್ರಂಥ ಬರೆದ ಅಭಿನವಚಂದ್ರನ ಕಾಲಕ್ಕೂ ಮುಂಚಿನಿಂದ ಈ ತಿಳಿವು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಚಿಕಿತ್ಸಕ ಸವಾರಿಯ ತರಬೇತಿಗಳು ಇಂಗ್ಲಿಷಿನಲ್ಲೇ ನಡೆದು, ಪರೀಕ್ಷೆಯ ಶುಲ್ಕ ಡಾಲರಿನಲ್ಲೋ ಪೌಂಡಿನಲ್ಲೋ ಇರುವಷ್ಟು ದಿನ ಇಂಥವರು ಹಗ್ಗ ಹಿಡಿದೇ ಉಳಿಯುತ್ತಾರೆ, ಅಂಗಳದ ನಡುವಿಗೆ ಬರುವುದಿಲ್ಲ. ಕನ್ನಡದಲ್ಲಿ, ಕೈಗೆಟಕುವ ಖರ್ಚಿನಲ್ಲಿ ಒಂದು ಬೋಧಕ ತರಬೇತಿ ಇಲ್ಲಿ ಬೇಕೇ ಬೇಕು. ಸೇನೆ, ರೇಸ್, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ನಿಮ್ಹಾನ್ಸ್ ಎಲ್ಲವೂ ಇರುವ ಊರಿಗೆ ಕೂಡಿಸುವ ಕೈ ಮಾತ್ರ ಬೇಕಾಗಿದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದ ಫವಾದ್ ಮಿರ್ಜಾ ಕೂಡ ಇದೇ ಬೆಂಗಳೂರಿನ ಹುಡುಗ, ಕುದುರೆಗಳ ವೈದ್ಯರೊಬ್ಬರ ಮಗ.

ಮಗುವನ್ನು ಕರೆದೊಯ್ಯಬೇಕೆನ್ನುವವರಿಗೆ ಒಂದೆರಡು ವಿಷಯ. ಒಳ್ಳೆಯ ಕೇಂದ್ರ ಮೊದಲು ಕೇಳುವುದು ವೈದ್ಯರ ಒಪ್ಪಿಗೆಯನ್ನು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೊದಲೆರಡು ಮೂಳೆಗಳ ಕೀಲು ಸಡಿಲವಿರುತ್ತದೆ. ಅಂಥವರಿಗೆ ಸವಾರಿ ಅಪಾಯ, ಪರೀಕ್ಷೆ ಆಗಲೇಬೇಕು. ಹತೋಟಿಗೆ ಬಾರದ ಫಿಟ್ಸ್, ತೀರಾ ಬಾಗಿದ ಬೆನ್ನುಮೂಳೆ, ಜಾರಿದ ಸೊಂಟದ ಕೀಲು ಇದ್ದರೂ ಹಾಗೆಯೇ. ಇದಾವುದನ್ನೂ ಕೇಳದೆ ಮೊದಲ ದಿನವೇ ಮಗುವನ್ನು ಎತ್ತಿ ಕುದುರೆಯ ಮೇಲೆ ಕೂರಿಸುವ ಕಡೆಯಿಂದ ಹಾಗೇ ಹಿಂತಿರುಗಿ ಬರುವುದು ಲೇಸು. ಬೋಧಕರ ಪೂರ್ವಾಶ್ರಮವನ್ನೂ ಕೇಳಿ: ಕುದುರೆ ಯಾವಾಗಿನಿಂದ ಗೊತ್ತು, ಮಕ್ಕಳು ಯಾವಾಗಿನಿಂದ ಗೊತ್ತು ಎಂದು. ಎರಡಕ್ಕೂ ಉತ್ತರ ಇರಬೇಕು.

ಬಿಸಿಲೇರಿದರೆ ಕುದುರೆಗೂ ಮಗುವಿಗೂ ದಣಿವು. ಹಾಗಾಗಿ ಪಾಠಗಳಿಗೆ ಮುಂಜಾನೆಯೇ ಹೊತ್ತು. ಕಾಟನ್‌ಪೇಟೆಯಿಂದ ಊರ ಅಂಚಿನ ಅಂಗಳ ಮುಟ್ಟಬೇಕಾದ ಮನೆಯವರು ಮೆಜೆಸ್ಟಿಕ್‌ನ ಬಸ್ಸುಗಳು ಬೀದಿ ತುಂಬುವ ಮೊದಲೇ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು, ಎಕ್ಸ್‌ರೇ ಕವರನ್ನೂ ಕುದುರೆಗೆಂದು ಎರಡು ಗಜ್ಜರಿಯನ್ನೂ ಚೀಲಕ್ಕೆ ತುಂಬಿಕೊಂಡು ಆಟೊ ಹತ್ತಬೇಕು.