ಬಾಟಲಿಗಿಂತ ಮೊದಲು ಸಂತೆಯ ಬುಟ್ಟಿ

ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಮೊದಲೆಲ್ಲ ಸೆಂಟು, ಬಾದಾಮಿ, ಶರಬತ್ತಿನ ಪುಡಿ ಇರುತ್ತಿತ್ತು. ಕೊರೋನಾದ ನಂತರ ವಿಟಮಿನ್ ಬಾಟಲಿಯೂ ಸೇರಿಕೊಂಡಿದೆ. "ಇಮ್ಯುನಿಟಿಗೆ ಒಳ್ಳೆದಂತೆ" ಎಂದು ಉಮ್ಮನಿಂದ ಮಕ್ಕಳವರೆಗೆ ಎಲ್ಲರೂ ನುಂಗುವ ಮನೆಗಳುಂಟು.

ಅಮೆರಿಕದಲ್ಲಿ 214 ಕೊರೋನಾ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕೆಲವರಿಗೆ ಹೆಚ್ಚು ಪ್ರಮಾಣದ ವಿಟಮಿನ್ ಸಿ, ಕೆಲವರಿಗೆ ಜಿಂಕ್, ಕೆಲವರಿಗೆ ಎರಡೂ, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊರತೆ ಇಲ್ಲದವನಿಗೆ ಮಾತ್ರೆಯಿಂದ ಹೆಚ್ಚಿನ ಶಕ್ತಿ ಬರುವುದಿಲ್ಲ. ಕೊರತೆ ಇದ್ದರೆ ಮಾತ್ರ ಮೈ ಸೋಲುತ್ತದೆ.

ಆ ಕೊರತೆ ನಮ್ಮಲ್ಲಿ ಧಾರಾಳ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ. ಇದಕ್ಕೆ ದೊಡ್ಡ ಕಾರಣ ಕಬ್ಬಿಣಾಂಶದ ಕೊರತೆ.

ಘಟ್ಟ ಹತ್ತಿ ವ್ಯಾಪಾರಕ್ಕೆ ಹೋದ ನಮ್ಮವರಿಗೆ ಬಯಲುಸೀಮೆಯ ಊಟ ಗೊತ್ತಿರುವುದೇ. ಬೆಳಗಾವಿ ಜಿಲ್ಲೆಯ ರಾಮದುರ್ಗ ಮಲಪ್ರಭಾ ದಂಡೆಯ ಊರು. ಆ ಕಡೆಯ ತಟ್ಟೆಯಲ್ಲಿ ಜೋಳದ ರೊಟ್ಟಿ, ಮೊಳಕೆ ಬಂದ ಮಡಕಿಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಹಸಿಯಾಗಿಯೇ ತಿನ್ನುವ ಹಕ್ಕರಕಿ, ಶೇಂಗಾ ಚಟ್ನಿ, ಮೊಸರು. ನೋಡಲಿಕ್ಕೆ ಬಡವರ ಊಟ. ಆದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಜೋಳದಲ್ಲಿ ಕಬ್ಬಿಣ, ಜಿಂಕ್ ಜಾಸ್ತಿ. ಕಾಳುಗಳಲ್ಲಿ ಇವನ್ನು ಹಿಡಿದಿಟ್ಟುಕೊಳ್ಳುವ ಒಂದು ಅಂಶವಿದೆ, ಮೊಳಕೆ ಬರಿಸಿದರೆ ಅದು ತಗ್ಗುತ್ತದೆ, ವಿಟಮಿನ್ ಸಿ ಹೆಚ್ಚುತ್ತದೆ. ಸೊಪ್ಪಿನ ವಿಟಮಿನ್ ಎ ಅಂಶ ಮೈಗೆ ಹತ್ತಲು ಎಣ್ಣೆಯ ಒಗ್ಗರಣೆ ಬೇಕು. ಮೂಗು, ಗಂಟಲು, ಕರುಳಿನ ಒಳಪದರ ಗಟ್ಟಿಯಾಗಿದ್ದು ರೋಗಾಣುವನ್ನು ತಡೆಯುವುದು ಈ ಎ ಇಂದಲೇ. ಕರಾವಳಿಯಲ್ಲಿದ್ದರೆ ಹಿತ್ತಲ ನುಗ್ಗೆ ಸೊಪ್ಪೂ ಇದೇ ಕೆಲಸ ಮಾಡುತ್ತದೆ.

ರಾಮದುರ್ಗ ತಾಲೂಕಿನ ಸುರೇಬಾನ ಹತ್ತಿರದ ಶಬರಿಕೊಳ್ಳದ ಐತಿಹ್ಯದಲ್ಲಿ ಬರುವ ಬಾರೆ ಹಣ್ಣಿನಲ್ಲೂ ವಿಟಮಿನ್ ಸಿ ಇದೆ. ಪೇರಳೆಯಲ್ಲಿ (ಅಲ್ಲಿ ಪೇರಲ ಅಂತಾರೆ) 100 ಗ್ರಾಮಿಗೆ 200 ಮಿಲಿಗ್ರಾಂ ದಾಟುತ್ತದೆ. ಹೆಂಗಸರಿಗೆ ದಿನಕ್ಕೆ 65, ಗಂಡಸರಿಗೆ 80 ಮಿಲಿಗ್ರಾಂ ಸಾಕು. ಅಂದರೆ ಒಂದು ಪೇರಳೆಯಲ್ಲಿ ದಿನದ ಲೆಕ್ಕ ಮುಗಿಯಿತು. ಕಿತ್ತಳೆಗೆ ಯಾಕೆ ಅಷ್ಟು ದುಡ್ಡು ಸುರಿಯುತ್ತೇವೋ!

ವಿಟಮಿನ್ ಸಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ, ಚಹಾ ತಡೆಯುತ್ತದೆ. ಪಲ್ಯದ ಮೇಲೆ ಲಿಂಬೆ ಹಿಂಡಿ, ಹಿಂದೆಯೇ ಸುಲೈಮಾನಿ ಕುಡಿದರೆ ಏನು ಲಾಭ? ಸುಲೈಮಾನಿಗೆ ಲಿಂಬೆ ಹಾಕಿದರೂ ಚಹಾ ಚಹಾವೇ. ಊಟವಾಗಿ ಒಂದು ಗಂಟೆ ಬಿಡಿ. ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ. ಲಿವರಿನಲ್ಲಿ ವಿಟಮಿನ್ ಎ ವಿಪರೀತ ಇರುವುದರಿಂದ ಗರ್ಭಿಣಿಯರು ಅದನ್ನು ದೂರ ಇಡಬೇಕು.

ವಿಟಮಿನ್ ಡಿ ಮಾತ್ರ ತಟ್ಟೆಯಲ್ಲಿ ಪೂರ್ತಿ ಸಿಗುವುದಿಲ್ಲ. ಬೂತಾಯಿ, ಬಂಗುಡೆಯಲ್ಲಿ ಸ್ವಲ್ಪ ಉಂಟು, ಉಳಿದದ್ದು ಬಿಸಿಲಿನಿಂದ. ಹೊರಗೆ ಬುರ್ಖಾದಲ್ಲಿರುವ ನಮ್ಮ ಹೆಂಗಸರು ಟೆರೇಸಿನಲ್ಲೋ ಹಿತ್ತಲಲ್ಲೋ ಕೈಕಾಲಿಗೆ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಕೂತುಕೊಳ್ಳಲಿ. ವಾರಕ್ಕೊಂದು ನುಂಗುವ 60,000 ಯೂನಿಟ್ಟಿನ ಡಿ ಮಾತ್ರೆಯನ್ನು ಡಾಕ್ಟರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ತಾವಾಗಿ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ. ಜಿಂಕ್ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ತಾಮ್ರಾಂಶ ಕಡಿಮೆಯಾಗುತ್ತದೆ.

ಜಿಂಕ್ ನಿಜವಾಗಿ ಬೇಕಾಗುವ ಒಂದು ಸಂದರ್ಭ ಮಕ್ಕಳ ಭೇದಿ. ಓಆರ್‌ಎಸ್ ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ಎರಡೇ ದಿನಕ್ಕೆ ನಿಂತರೂ ಹದಿನಾಲ್ಕೂ ದಿನ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ, ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಸಿಗುತ್ತದೆ.