ಕರೆದರೆ ಬರುವ ಗಿಳಿ

ಗಿಳಿಗೆ ಮಾತು ಕಲಿಸುವುದು ಭಾರತದಲ್ಲಿ ಬಹು ಹಳೆಯ ವಿದ್ಯೆ. ವಾತ್ಸ್ಯಾಯನನ ‘ಕಾಮಸೂತ್ರ’ ಹೆಸರಿಸುವ 64 ಕಲೆಗಳಲ್ಲಿ ಅದೂ ಒಂದು. ಬಾಣನ ‘ಕಾದಂಬರಿ’ಯಲ್ಲೂ ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ಕಾವ್ಯದಲ್ಲೂ ಶೂದ್ರಕ ರಾಜನಿಗೆ ಕಥೆ ಹೇಳುವುದು ವೈಶಂಪಾಯನನೆಂಬ ಗಿಳಿ. ಅಷ್ಟು ದೊಡ್ಡ ಮಾತುಗಾರನೂ ಆಸ್ಥಾನಕ್ಕೆ ಬಂದದ್ದು ಪಂಜರದಲ್ಲಿಯೇ!

ಮಾತಿನ ಬದಲು ಹಾರಾಟವನ್ನೇ ಕಲಿಸಿ, ಕರೆದೊಡನೆ ಬಂದು ಕೈಮೇಲೆ ಕೂರುವಂತೆ ಮಾಡಲು ಸಾಧ್ಯವೆ? ಸಾಧ್ಯ. ಅದಕ್ಕೆ ಬೇಕಾದದ್ದು ಒಂದು ಹಿಡಿ ಸೂರ್ಯಕಾಂತಿ ಬೀಜ ಮತ್ತು ಬಹಳಷ್ಟು ತಾಳ್ಮೆ.

ಮೊದಲ ಪಾಠ ಕೈಯ ಭಯ ಬಿಡಿಸುವುದು. ಕೈ ಚಾಚಿ ಕರೆದಾಗ ಗಿಳಿ ಹೆಜ್ಜೆಯಿಟ್ಟು ಬೆರಳೇರಿದರೆ ಒಂದು ಬೀಜ. ಆಮೇಲೆ ಒಂದು ಗೇಣು ದೂರದಿಂದ ಕರೆ, ಬಳಿಕ ಮೊಳ, ಮಾರು, ಕೊನೆಗೆ ಕೋಣೆಯ ಆಚೆ ತುದಿ. ಪ್ರತಿ ಸಲವೂ ಅದೇ ಕರೆ, ಅದೇ ಸನ್ನೆ. ಪಾಠ ಐದಾರು ನಿಮಿಷ ಮೀರಬಾರದು. ಗಿಳಿಯನ್ನು ಉಪವಾಸ ಕೆಡವಬೇಕಿಲ್ಲ; ಅದಕ್ಕೆ ಅತಿ ಇಷ್ಟವಾದ ತಿನಿಸನ್ನು ಪಾಠದ ಹೊತ್ತಿಗೆಂದೇ ಮೀಸಲಿಟ್ಟರೆ ಸಾಕು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಕನ್ನಡಿಗೆ ಬಟ್ಟೆ ಹೊದಿಸುವುದನ್ನು ಮರೆಯಬಾರದು.

ಫಲ ಕೊಟ್ಟ ನಡತೆ ಮರುಕಳಿಸುತ್ತದೆ ಎಂಬ ತತ್ತ್ವ ಇದರ ಹಿಂದಿದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳಲ್ಲೂ ಮುಂದೆ ಪಾರಿವಾಳಗಳಲ್ಲೂ ಇದನ್ನು ತೋರಿಸಿದರು. ತತ್ತ್ವ ತಿರುಗುಬಾಣವೂ ಆಗಬಲ್ಲದು. ಕರೆದಾಗಲೆಲ್ಲ ಹಿಡಿದು ಪಂಜರಕ್ಕೆ ಹಾಕಿದರೆ, ‘ಕರೆ ಎಂದರೆ ಸೆರೆ’ ಎಂದು ಗಿಳಿ ಕಲಿಯುತ್ತದೆ. ಬಾರದಿದ್ದರೆ ಗದರಿ ಪ್ರಯೋಜನವಿಲ್ಲ. ದೂರ ಕಡಿಮೆ ಮಾಡಿ ಮತ್ತೆ ಕರೆಯಬೇಕು.

ರೆಕ್ಕೆಯ ಗರಿ ಕತ್ತರಿಸುವುದು ಸುಲಭದ ಉಪಾಯವೆಂದು ಹಲವರ ನಂಬಿಕೆ. ಆದರೆ ಗರಿ ಕಳೆದುಕೊಂಡ ಹಕ್ಕಿ ನೆಲಕ್ಕೆ ಬಿದ್ದು ಗಾಯಗೊಳ್ಳಬಹುದು. ಹಳೆಯ ಗರಿ ಉದುರಿ ಹೊಸತು ಬಂದಾಗ ಹಾರಾಟವೂ ಮರಳುತ್ತದೆ, ಆದರೆ ಹಾರಿ ಅಭ್ಯಾಸವಿರುವುದಿಲ್ಲ.

ಈ ಪಾಠ ಎಲ್ಲ ಗಿಳಿಗಳಿಗೂ ಅಲ್ಲ. ನಮ್ಮ ತೋಟಗಳ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆಫ್ರಿಕಾದ ಬೂದು ಗಿಳಿಯಂಥ ವಿದೇಶಿ ಹಕ್ಕಿಗಳಿಗೆ 2024ರ ನಿಯಮಗಳಂತೆ ನೋಂದಣಿ ಬೇಕು.

ಕಲಿತ ಪಾಠದ ನಿಜವಾದ ಪರೀಕ್ಷೆ ಯಾರೋ ಕಿಟಕಿ ತೆರೆದಿಟ್ಟ ದಿನ. ಗಿಳಿ ಎದುರಿನ ಎತ್ತರದ ಮರದ ತುದಿಯಲ್ಲಿದೆ. ಕೆಳಗೆ ಮನೆಮಂದಿಯೆಲ್ಲ ಕೂಗುತ್ತಿದ್ದಾರೆ. ಅದು ಬಾರದಿರುವುದು ಹಟದಿಂದಲೇ ಎನ್ನಲಾಗದು. ಕೋಣೆಯೊಳಗೆ ನೇರವಾಗಿ ಹಾರಿ ಬೆಳೆದ ಹಕ್ಕಿಗೆ ಎತ್ತರದಿಂದ ಕಡಿದಾಗಿ ಕೆಳಗಿಳಿಯಲು ಗೊತ್ತಿರುವುದಿಲ್ಲ. ಆಗ ಕಲ್ಲೆಸೆದು ಬೆದರಿಸಿದರೆ ಅದು ಮತ್ತಷ್ಟು ದೂರ ಹೋದೀತು. ಮರದಿಂದ ತುಸು ದೂರದಲ್ಲಿ, ಸಾಧ್ಯವಾದರೆ ಮಹಡಿಯ ಮೇಲೆ ನಿಂತು, ಪರಿಚಿತ ದನಿಯಲ್ಲಿ ಕರೆಯುತ್ತಿರಬೇಕು. ಕೋಣೆಯಲ್ಲಿ ಮಹಡಿಮೆಟ್ಟಿಲು, ಬೀರುವಿನ ತುದಿಯಿಂದ ಇಳಿದು ಬರುವುದನ್ನೂ ಮೊದಲೇ ಕಲಿಸಿದ್ದವರಿಗೆ ಅಂದು ಆಸೆ ಹೆಚ್ಚು.