ಹಿರಿಯರು ಬಂದ ರಾತ್ರಿಯ ಕುಣಿತ

ಎಕ್ಸ್‌ಚೇಂಜ್ ಪ್ರೋಗ್ರಾಂಗೆ ಜಪಾನಿಗೆ ಹೋಗಿದ್ದ ನಾವು ನಾಲ್ವರು, ಆಗಸ್ಟ್‌ನ ಒಂದು ಸಂಜೆ ಹಾಸ್ಟೆಲ್ ಪಕ್ಕದ ಪಾರ್ಕಿನಲ್ಲಿ ಡೋಲಿನ ಸದ್ದು ಕೇಳಿ ಒಳಗೆ ನುಗ್ಗಿದ್ವಿ. ಅದು ಆ ಓಣಿಯವರೇ ಸೇರಿ ನಡೆಸುವ ಬೊನ್ ಒದೊರಿ. ನಡುವೆ ಮರದ ಅಟ್ಟಣೆ, ಅದಕ್ಕೆ ಯಗುರಾ ಅಂತಾರೆ. ಮೇಲೆ ಡೋಲು, ಸುತ್ತ ಕಾಗದದ ದೀಪಗಳ ಸಾಲು, ಕೆಳಗೆ ಸುತ್ತು ಹಾಕಿ ಕುಣಿಯುವ ಜನ.

ನೋಡೋಕೆ ಜಾತ್ರೆ. ಐಸ್ ತುರಿದು ಸಿರಪ್ ಸುರಿಯುವ ಕಾಕಿಗೊರಿ ಅಂಗಡಿಯೂ ಇತ್ತು (ನಮ್ಮ ಐಸ್ ಗೋಲಾನೇ, ಕಡ್ಡಿ ಇಲ್ಲ ಅಷ್ಟೆ). ಆದರೆ ಇದು ಒಬೊನ್ ಹಬ್ಬದ ಕುಣಿತ. ಆ ದಿನಗಳಲ್ಲಿ ಸತ್ತ ಹಿರಿಯರು ಮನೆಗೆ ಬಂದು ಹೋಗ್ತಾರೆ ಅನ್ನೋ ನಂಬಿಕೆ. ಹೆಚ್ಚಿನ ಕಡೆ ಆಗಸ್ಟ್ 13ರಿಂದ 16, ಟೋಕಿಯೊದ ಹಲವೆಡೆ ಜುಲೈನಲ್ಲೇ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಹಿಂದೊಂದು ಕತೆಯೂ ಇದೆ: ಬುದ್ಧನ ಶಿಷ್ಯ ಮೌದ್ಗಲ್ಯಾಯನ, ಪ್ರೇತವಾಗಿ ಹಸಿದಿದ್ದ ತಾಯಿಗಾಗಿ ಭಿಕ್ಷುಗಳಿಗೆ ಊಟವಿಟ್ಟ. ಅವಳು ಬಿಡುಗಡೆಯಾದಾಗ ಖುಷಿಗೆ ಕುಣಿದ ಅಂತ ಹೇಳ್ತಾರೆ.

ಇಲ್ಲೇ ನಮ್ಮಲ್ಲೊಬ್ಬ ಹಿಂದೆ ಸರಿದ. ಅವನ ಅಜ್ಜಿ ತೀರಿಕೊಂಡು ವರ್ಷ ತುಂಬಿರಲಿಲ್ಲ, ಮನೆಯಲ್ಲಿ ಯುಗಾದಿಯನ್ನೂ ಮಾಡಿರಲಿಲ್ಲ. ಜೊತೆಗಿದ್ದ ಜಪಾನಿ ಗೆಳೆಯನಿಗೆ ಹೇಳಿದ್ವಿ. ಅವನಿಗೇ ಆಶ್ಚರ್ಯ. ಸತ್ತ ಮೇಲೆ ಬರುವ ಮೊದಲ ಒಬೊನ್‌ಗೆ ಹತ್ಸುಬೊನ್ ಅಂತ ಬೇರೆ ಹೆಸರೇ ಇದೆ, ಅದೇ ಎಲ್ಲಕ್ಕಿಂತ ಮುಖ್ಯ ಅಂದ.

ಯುಕಾತ ತೊಟ್ಟಿದ್ದ ನಮ್ಮನ್ನು ಒಬ್ಬ ಅಜ್ಜಿ ತಡೆದು, ಏನೂ ಮಾತಾಡದೆ ಅಂಚು ಬದಲಾಯಿಸಿದರು. ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬರೋದು ಹೆಣಕ್ಕೆ ಉಡಿಸುವಾಗ.

ಆಮೇಲೆ 'ತಾಂಕೊ ಬುಶಿ' ಶುರುವಾಯ್ತು. ಇದು ಕ್ಯೂಶೂ ಕಲ್ಲಿದ್ದಲು ಗಣಿಗಳ ಹಾಡು. ಸ್ಟೆಪ್ಪುಗಳೇ ಗಣಿ ಕೆಲಸ: ಅಗೆಯೋದು, ಹೆಗಲಿಗೇರಿಸೋದು, ಹಣೆಗೆ ಕೈ ಅಡ್ಡ ಹಿಡಿದು ನೋಡೋದು, ಗಾಡಿ ತಳ್ಳೋದು. ಮತ್ತೆ ಮೊದಲಿಂದ. ಪಕ್ಕಾ ಲೂಪ್, ಮೂರನೇ ಸುತ್ತಿಗೆ ಯಾರಿಗಾದ್ರೂ ಬರುತ್ತೆ. ಅಲ್ಲಿನ ಮೀಕೆ ಗಣಿಯಲ್ಲಿ 1963ರ ನವೆಂಬರ್‌ನಲ್ಲಿ ಕಲ್ಲಿದ್ದಲ ಧೂಳು ಸ್ಫೋಟಿಸಿ 458 ಜನ ಸತ್ತರು. 1997ರಲ್ಲಿ ಗಣಿ ಮುಚ್ಚಿತು. ಅಗೆಯುವ ಕೈಗಳು ಮಾತ್ರ ಊರೂರ ಪಾರ್ಕುಗಳಲ್ಲಿ ಉಳಿದಿವೆ.

ನಮ್ಮವನೂ ಸುತ್ತಿಗೆ ಸೇರಿದ. ರಾತ್ರಿ ಅಮ್ಮನಿಗೆ ವೀಡಿಯೊ ಕಾಲ್ ಮಾಡಿ ಸ್ಟೆಪ್ ತೋರಿಸಿದಾಗ, ಬೈತಾರೆ ಅಂದ್ಕೊಂಡಿದ್ವಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ನೆನೆಸ್ಕೊಂಡು ಕುಣಿದ್ಯಾ?" ಅಂದ್ರು.

"ಹೂಂ" ಅಂದ.